ರೂವಾರಿ ಎಂದರೆ ಯಾರು?

ದೊಡ್ಡ ಮೋಸವೊಂದು ಬಯಲಾದಾಗಲೆಲ್ಲ ಕನ್ನಡ ಪತ್ರಿಕೆಗಳ ತಲೆಬರಹದಲ್ಲಿ ‘ಹಗರಣದ ರೂವಾರಿ’ ಎಂಬ ಮಾತು ಕಾಣಿಸಿಕೊಳ್ಳುತ್ತದೆ. ಓದುಗರಿಗೆ ಅರ್ಥದ ತೊಡಕೇನೂ ಇಲ್ಲ. ವಂಚನೆಯನ್ನು ಹೂಡಿದವನು ಎಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಈ ಎರಡೂ ಪದಗಳು ಹುಟ್ಟಿದ್ದು ಕಲೆಯ ಅಂಗಳದಲ್ಲಿ. ರೂವಾರಿ ಎಂದರೆ ರೂಪ ಕಡೆಯುವವನು, ಶಿಲ್ಪಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಹಲವು ವಿಗ್ರಹಗಳ ಪೀಠದ ಮೇಲಿದೆ. ಇಂಥ ಕೈಗಳಿಗೆ ಆ ಕಾಲದ ಕನ್ನಡ ಕೊಟ್ಟ ಗೌರವದ ಹೆಸರು ರೂವಾರಿ. ಹಗರಣವಂತೂ ನಮಗೆ ಇನ್ನೂ ಹತ್ತಿರದ್ದು. ಹಳಗನ್ನಡದ ಪಗರಣವೇ ಹಗರಣ. ಅಣಕದ ಆಟ, ವೇಷದ ಆಟ ಎಂದು ಅದರ ಅರ್ಥ. ಅಂಕೋಲೆಯ ಸೀಮೆಯಲ್ಲಿ ಸುಗ್ಗಿ ಹಬ್ಬದ ಹೊತ್ತಿಗೆ ಹೊರಡುವ ಹಗರಣದಲ್ಲಿ ಈ ಮೂಲ ಅರ್ಥ ಇನ್ನೂ ಬದುಕಿದೆ: ವೇಷ ಕಟ್ಟಿ, ಬಣ್ಣ ಬಳಿದು, ಊರಿನ ಹುಳುಕನ್ನು ಊರಿಗೇ ತೋರಿಸುವ ಮೆರವಣಿಗೆ ಅದು. ರಾಜ್ಯದ ಉಳಿದ ಕಡೆ ಪದ ಉಳಿಯಿತು, ಪದ ತೋರಿಸುತ್ತಿದ್ದ ಕೆಲಸ ಮರೆಯಾಯಿತು.

ಕಾರವಾರ ಮತ್ತು ಅಂಕೋಲಾ ತಾಲೂಕಿನ ಪ್ರತಿ ಪ್ರೌಢಶಾಲೆಯ ಮಕ್ಕಳು ಚಿತ್ರಕ್ಕೂ ಶಿಲ್ಪಕ್ಕೂ ಸಂಬಂಧಿಸಿದ ಸುಮಾರು ಐವತ್ತು ಪದಗಳನ್ನು, ಆಯಾ ವಸ್ತುವಿನ ಎದುರಿಗೇ ನಿಂತು ಕಲಿಯಬೇಕು ಎಂಬುದು ಈ ಬರಹದ ವಾದ. ಮಕ್ಕಳೆಲ್ಲ ಕಲಾವಿದರಾಗಲಿ ಎಂಬ ಆಸೆಯಿಂದ ಹೇಳುವ ಮಾತಲ್ಲ ಇದು. ಕಾರಣ ತೀರ ಲೌಕಿಕವಾದದ್ದು. ಹೆಸರು ಗೊತ್ತಿಲ್ಲದ ವಸ್ತುವಿನ ಬಗ್ಗೆ ನಾಲ್ಕು ಜನ ಕೂತು ತೀರ್ಮಾನ ಮಾಡುವಾಗ, ಅದರ ಪರವಾಗಿ ಮಾತಾಡಲು ಯಾರಿಗೂ ಬಾಯಿ ಬರುವುದಿಲ್ಲ. ‘ಹಳೇದು’, ‘ಚೆಂದ ಇದೆ’, ‘ಮಾಸಿದೆ’ ಎಂಬ ಮೂರು ಮಾತುಗಳಲ್ಲಿ ಚರ್ಚೆ ಮುಗಿಯುತ್ತದೆ, ಮಾಸಿದೆ ಎಂದವರ ಮಾತೇ ಗೆಲ್ಲುತ್ತದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದನ್ನು ನೆನೆಯೋಣ. ಕರಿ ಇಶಾಡು ಬೇರೆ, ಬಿಳಿ ಇಶಾಡು ಬೇರೆ ಎಂದು ಸಿಪ್ಪೆ, ತಿರುಳು, ಪರಿಮಳಗಳಿಂದ ಗುರುತಿಸಿ ಹೇಳುವ ಮಾತು ಇಲ್ಲಿನ ಬೆಳೆಗಾರರ ಬಳಿ ಮೊದಲೇ ಇತ್ತು. ಆ ಮಾತಿಲ್ಲದೆ ಅರ್ಜಿಯಲ್ಲಿ ಬರೆಯುವುದಾದರೂ ಏನನ್ನು? ಇದೇ ನೆಲದ ಗೋಡೆಚಿತ್ರಕ್ಕೆ, ಕಲ್ಲಿಗೆ, ಬೆಂಡಿನ ಹೂವಿಗೆ ಅಂಥ ಮಾತು ಹೊಸ ತಲೆಮಾರಿನ ಬಾಯಲ್ಲಿ ಉಳಿದಿಲ್ಲ.

ಕಾವಿ ಚಿತ್ರದ ಗತಿ ಇದಕ್ಕೆ ಎಲ್ಲಕ್ಕಿಂತ ನೋವಿನ ಸಾಕ್ಷಿ. ಗೋವೆಯಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯ ಮಾರಿಕಾಂಬಾ ದೇವಸ್ಥಾನದ ತನಕ, ಗುಡಿಗಳ ಗೋಡೆಯನ್ನು ಕೆಂಪು–ಬಿಳುಪಿನ ಬಳ್ಳಿಗಳಿಂದ, ದೇವತೆಗಳಿಂದ, ಆನೆ–ಕುದುರೆಗಳಿಂದ ತುಂಬಿದ ಕಲೆ ಅದು. ದೂರದಿಂದ ನೋಡಿದರೆ ಬಿಳಿ ಗೋಡೆಯ ಮೇಲೆ ಕೆಂಪು ಬಣ್ಣದಿಂದ ಬರೆದ ಹಾಗೆ ಕಾಣುತ್ತದೆ. ನಡೆದಿರುವುದು ಅದರ ತಿರುಗುಮುರುಗು. ಕಪ್ಪೆಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲ ಸೇರಿಸಿ ದಿನಗಟ್ಟಲೆ ಕೊಳೆಹಾಕಿ, ನುಣ್ಣಗೆ ಅರೆದು, ಚಿರೆಕಲ್ಲಿನ ಗೋಡೆಗೆ ಗಾರೆ ಮಾಡುತ್ತಿದ್ದರು. ಅದರ ಮೇಲೆ ಕಾವಿ ಎಂಬ ಕೆಂಪು ಮಣ್ಣಿನ ಪದರ. ಆ ಪದರ ಹಸಿಯಿರುವಾಗಲೇ ಕಬ್ಬಿಣದ ಮೊನೆಯಿಂದ ಕೆಂಪನ್ನು ಗೀರಿ ತೆಗೆದರೆ ಕೆಳಗಿನ ಬಿಳುಪು ಗೆರೆಯಾಗಿ ಹೊಮ್ಮುತ್ತದೆ. ಬಣ್ಣ ಹಚ್ಚಿ ಅಲ್ಲ, ಬಣ್ಣ ತೆಗೆದು ಮೂಡಿಸಿದ ಚಿತ್ರ ಇದು. ಆ ಮೊನೆಯ ಹೆಸರು ಕಂಟ. ಹಿಂದಿನವರು ತಾಳೆಗರಿಯ ಮೇಲೆ ಅಕ್ಷರ ಕೊರೆಯುತ್ತಿದ್ದ ಲೇಖನಿಯ ಹೆಸರೂ ಅದೇ. ಕೆಂಪು ಮಣ್ಣಿಗೆ ಹುರಮಂಜಿ ಎಂಬ ಇನ್ನೊಂದು ಹೆಸರಿದೆ. ಪರ್ಷಿಯದ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ದ್ವೀಪದಿಂದ ಹಡಗೇರಿ ಬರುತ್ತಿದ್ದ ಕೆಮ್ಮಣ್ಣಿನ ನೆನಪು ಆ ಪದದೊಳಗಿದೆ. ಕಾವಿ, ಗಾರೆ, ಕಂಟ, ಹುರಮಂಜಿ: ನಾಲ್ಕು ಪದ ಗೊತ್ತಿದ್ದರೆ ಕರಾವಳಿಯ ಸುಣ್ಣದ ಗೂಡು, ಓಲೆಗರಿಯ ಬರಹ, ಅರಬ್ಬೀ ಸಮುದ್ರದ ವ್ಯಾಪಾರ ಎಲ್ಲವೂ ಒಂದು ಗೋಡೆಯ ಮೇಲೆ ಓದಲು ಸಿಗುತ್ತವೆ. ಇಟಲಿಯಲ್ಲಿ ಇದೇ ಬಗೆಯ ಗೀರುಚಿತ್ರಕ್ಕೆ ಸ್ಗ್ರಾಫಿಟೊ ಎನ್ನುತ್ತಾರೆ. ಇಂದು ಬೀದಿಗೋಡೆಯ ಗ್ರಾಫಿಟಿಯನ್ನು ಬಲ್ಲ ನಮ್ಮ ಹುಡುಗರಿಗೆ ಅದೇ ಬೇರಿನ ಪದ ಗೊತ್ತಿದೆ, ಕಾವಿ ಮಾತ್ರ ಸನ್ಯಾಸಿಗಳ ಬಟ್ಟೆಯ ಬಣ್ಣವಾಗಿ ಉಳಿದಿದೆ. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ಅಲೆದು ಈ ಚಿತ್ರಗಳ ಫೋಟೋ ತೆಗೆದು, ಮಾಡುವ ಬಗೆಯನ್ನು ಕೇಳಿ ಬರೆದಿಟ್ಟದ್ದರಿಂದ ಇಷ್ಟಾದರೂ ನಮಗೆ ಉಳಿದಿದೆ.

ಇಂಥ ಗೋಡೆಯಿರುವ ಗುಡಿಯ ಜೀರ್ಣೋದ್ಧಾರದ ಸಭೆಯನ್ನು ಊಹಿಸಿಕೊಳ್ಳಿ. ಸಮಿತಿಯವರು ದುಷ್ಟರಲ್ಲ, ದೇವರ ಮೇಲೆ ಭಕ್ತಿ ಇರುವವರೇ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಕರಾವಳಿಯಲ್ಲಿ ಗೋಡೆ ಹಸಿರುಗಟ್ಟುತ್ತದೆ, ಅಲ್ಲಲ್ಲಿ ಗಾರೆ ಉದುರುತ್ತದೆ. ಗುತ್ತಿಗೆದಾರರು ಸಿಮೆಂಟು ಮೆತ್ತಿ ಆಯಿಲ್ ಪೇಂಟ್ ಹೊಡೆಯೋಣ ಎನ್ನುತ್ತಾರೆ. ಅಲ್ಲಿ ಒಬ್ಬರಾದರೂ ‘ಇದು ಸುಣ್ಣದ ಗಾರೆಯ ಮೇಲಿನ ಕಾವಿ, ಇದಕ್ಕೆ ಸಿಮೆಂಟು ಹಿಡಿಸುವುದಿಲ್ಲ’ ಎನ್ನುವವರಿದ್ದರೆ ಮಾತಿನ ದಿಕ್ಕು ಬೇರೆಯಾಗುತ್ತದೆ. ಯಾಕೆಂದರೆ ಅದು ಬರೀ ಹೆಸರಲ್ಲ, ಅದರೊಳಗೆ ಕೆಲಸದ ತಿಳಿವಳಿಕೆ ಇದೆ. ಸುಣ್ಣದ ಗಾರೆ ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು, ಎಣ್ಣೆಬಣ್ಣ ಆ ದಾರಿಯನ್ನು ಮುಚ್ಚುತ್ತವೆ. ತೇವದ ಜೊತೆ ಕಡಲಗಾಳಿಯ ಉಪ್ಪೂ ಒಳಗೇ ಹರಳುಗಟ್ಟಿ ಗೋಡೆಯ ಮೈಯನ್ನು ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಎಬ್ಬಿಸುತ್ತದೆ. ‘ಹಳೆಯ ಕೆಂಪು ಬಣ್ಣ’ ಎಂದು ಕರೆದ ಕ್ಷಣವೇ ಹೊಸ ಕೆಂಪು ಬಣ್ಣ ಹಚ್ಚುವುದು ಸಹಜ ಪರಿಹಾರವಾಗಿ ತೋರುತ್ತದೆ. ಕಲ್ಲಿನ ಗುಡಿಗೂ ಇದೇ ಗತಿ. ಮರಳು ಚಿಮ್ಮಿಸಿ ತೊಳೆದರೆ ಕಲ್ಲು ಹೊಳೆಯುತ್ತದೆ, ಉಳಿಯ ಗುರುತು ಅಳಿಯುತ್ತದೆ. ಉಳಿಯ ಗುರುತು ಎಂಬ ಪದವೇ ಕಿವಿಗೆ ಬಿದ್ದಿರದವರಿಗೆ ಏನು ಅಳಿಯಿತೆಂದು ತಿಳಿಯುವುದು ಹೇಗೆ?

ಶಿಲ್ಪದ ವಿಷಯದಲ್ಲಿ ನಾಮಪದಕ್ಕಿಂತ ಕ್ರಿಯಾಪದಗಳಿಂದ ಶುರುಮಾಡುವುದು ಒಳ್ಳೆಯದು. ಕೆತ್ತುವುದು, ಮೆತ್ತುವುದು, ಎರೆಯುವುದು. ಕಲ್ಲು, ಮರಗಳಲ್ಲಿ ಬೇಡದ್ದನ್ನು ತೆಗೆಯುತ್ತಾ ಹೋಗಬೇಕು, ತಪ್ಪಿದರೆ ಮತ್ತೆ ಅಂಟಿಸಲಾಗದು. ಮಣ್ಣಿನಲ್ಲಿ ಬೇಕಾದ್ದನ್ನು ಕೂಡಿಸುತ್ತಾ ಹೋಗಬಹುದು, ತಿದ್ದಬಹುದು. ಲೋಹವನ್ನು ಕರಗಿಸಿ ಅಚ್ಚಿಗೆ ಎರೆದರೆ ಎರಕ. ಕಾರವಾರದ ಟಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ಯುದ್ಧನೌಕೆಯ ಬಳಿ, ಚೆಂಡಿಯಾದಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದ ರಾಮ ರಾಘೋಬ ರಾಣೆಯವರ ಪ್ರತಿಮೆ 2006ರಿಂದ ನಿಂತಿದೆ. ಅದೇ ತೀರದ ರಾಕ್ ಗಾರ್ಡನ್‌ನಲ್ಲಿ ಜಿಲ್ಲೆಯ ಬುಡಕಟ್ಟು ಸಮುದಾಯಗಳ ಬದುಕನ್ನು ತೋರಿಸುವ ಆಳೆತ್ತರದ ಆಕೃತಿಗಳಿವೆ. ನೋಡಲು ಬರುವವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಇದು ಕೆತ್ತಿದ್ದೋ, ಮೆತ್ತಿದ್ದೋ, ಎರೆದದ್ದೋ ಎಂಬ ಒಂದೇ ಪ್ರಶ್ನೆಯನ್ನು ಕೈಗಿತ್ತು ಕಳಿಸಿದರೆ ಹದಿಮೂರು ವರ್ಷದ ಹುಡುಗಿ ಆಕೃತಿಯ ಹಿಂದಕ್ಕೂ ಹೋಗಿ ನೋಡುತ್ತಾಳೆ, ಮೈ ತಟ್ಟುತ್ತಾಳೆ, ಜೋಡಣೆಯ ಗೆರೆ ಹುಡುಕುತ್ತಾಳೆ. ಅಲ್ಲಿಂದ ದುಂಡುಶಿಲ್ಪ ಮತ್ತು ಉಬ್ಬುಶಿಲ್ಪದ ಭೇದಕ್ಕೆ ಒಂದೇ ಹೆಜ್ಜೆ: ಸುತ್ತು ಬರಬಹುದಾದದ್ದು ಮೊದಲನೆಯದು, ಹಿನ್ನೆಲೆಗೆ ಅಂಟಿಕೊಂಡೇ ಮೇಲೆದ್ದದ್ದು ಎರಡನೆಯದು. ಉಬ್ಬುಶಿಲ್ಪ ಗೊತ್ತಾದ ಮೇಲೆ ವೀರಗಲ್ಲು ಓದಲು ಬರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಪುಟ ಅದು. ಕಂಬದಿಂದ ಚಾಚಿ ಮೊಣಕೈ ಮಡಿಸಿ ಮೇಲೆತ್ತಿದ ಬಳೆ ತೊಟ್ಟ ಕೈ ಕಂಡರೆ ಮಾಸ್ತಿಗಲ್ಲು. ಗಂಡನ ಹಿಂದೆ ಸುಟ್ಟುಹೋದ ಹೆಣ್ಣಿನ ಗುರುತು. ಎರಡನ್ನೂ ಬರಿದೆ ‘ಹಳೇ ದೇವರ ಕಲ್ಲು’ ಎಂದರೆ ಒಂದು ಹೆಣ್ಣಿನ ಸಾವಿನ ದಾಖಲೆ ಕಣ್ಣೆದುರೇ ಇದ್ದೂ ಕಾಣದೆ ಹೋಗುತ್ತದೆ.

ಪದಗಳ ಬೆಲೆ ಕಳವಾದಾಗ ಇನ್ನೂ ಸ್ಪಷ್ಟವಾಗುತ್ತದೆ. ‘ದೇವಸ್ಥಾನದ ಹಳೆಯ ಪಂಚಲೋಹದ ವಿಗ್ರಹ ಕಾಣೆಯಾಗಿದೆ’ ಎಂಬಷ್ಟೇ ದೂರಿನಿಂದ ಪೊಲೀಸರು ಏನನ್ನು ಹುಡುಕಬೇಕು? ಸಮಭಂಗವೋ ತ್ರಿಭಂಗವೋ, ಕೈ ಎರಡೋ ನಾಲ್ಕೋ, ಯಾವ ಕೈಯಲ್ಲಿ ಏನು, ಕರಂಡಮುಕುಟವೋ ಕಿರೀಟಮುಕುಟವೋ, ಪ್ರಭಾವಳಿ ಬಿಡಿಯಾದದ್ದೋ ಕೂಡಿದ್ದೋ, ಪೀಠದ ಯಾವ ಮೂಲೆ ಮುಕ್ಕಾಗಿದೆ ಎಂದು ಹೇಳಿದರೆ ಅದು ಒಂದು ವಸ್ತುವಿನ ವಿವರಣೆ. ತಮಿಳುನಾಡಿನ ಶ್ರೀಪುರಂದಾನದಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಐವತ್ತು ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. 2014ರಲ್ಲಿ ಅದು ಮರಳಿ ಬಂತು. ಪುದುಚೇರಿಯ ಫ್ರೆಂಚ್ ಸಂಸ್ಥೆ ಮೊದಲೇ ತೆಗೆದಿಟ್ಟಿದ್ದ ಫೋಟೋಗಳ ಜೊತೆ ವಿಗ್ರಹದ ಒಂದೊಂದು ಅಂಗವನ್ನೂ ಹೋಲಿಸಿ ನೋಡಿದ್ದು ಅದಕ್ಕೆ ನೆರವಾಯಿತು. ಹೋಲಿಸುವುದೆಂದರೆ ಹೆಸರಿಟ್ಟು ಎಣಿಸುವುದು. ಜಗತ್ತಿನ ಪೊಲೀಸರು, ಮ್ಯೂಸಿಯಂಗಳು ಕಳವಾದ ಕಲಾಕೃತಿಯನ್ನು ಗುರುತಿಸಲು 1997ರಿಂದ ಬಳಸುತ್ತಿರುವ ‘ಆಬ್ಜೆಕ್ಟ್ ಐಡಿ’ ಎಂಬ ನಮೂನೆ ಕೇಳುವುದೂ ಇಂಥವನ್ನೇ: ಯಾವ ಬಗೆಯ ವಸ್ತು, ಯಾವುದರಿಂದ ಹೇಗೆ ಮಾಡಿದ್ದು, ಎಷ್ಟು ಅಳತೆ, ಏನು ಬರಹ, ಬೇರೆಯದರಿಂದ ಬೇರ್ಪಡಿಸುವ ಗುರುತೇನು. ಊರಿನ ಅರ್ಚಕರ ಮಗಳು ಇದನ್ನು ಕನ್ನಡದಲ್ಲಿ ತುಂಬಿ ಇಡುವಂತಾಗಬೇಕು.

ಚೆಲುವನ್ನು ಸವಿಯಲು ಪದ ಯಾಕೆ, ಕಣ್ಣಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಮ್ಮ ಕರಾವಳಿಯೇ ಉತ್ತರ ಹೇಳುತ್ತದೆ. ಯಕ್ಷಗಾನ ಬಯಲಾಟದ ಎದುರು ರಾತ್ರಿಯಿಡೀ ಕೂರುವ ಅಂಕೋಲೆಯ ಪ್ರೇಕ್ಷಕನಿಗೆ ಕೇದಿಗೆ ಮುಂದಲೆ ಯಾವುದು, ಕಿರೀಟ ವೇಷ ಯಾವುದು, ಬಣ್ಣದ ವೇಷ ಯಾವುದು ಎಂದು ಗೊತ್ತು. ಒಡ್ಡೋಲಗ ಚುಟುಕಾಯಿತು, ಏರುಪದ ಕಳೆಗಟ್ಟಲಿಲ್ಲ, ಚಂಡೆಯ ಪೆಟ್ಟು ಹಿಂದೆಬಿತ್ತು ಎಂದು ಮಾರನೆಯ ದಿನ ಚಾದಂಗಡಿಯಲ್ಲಿ ವಾದ ನಡೆಯುತ್ತದೆ. ಆ ಪದಗಳಿಂದ ಅವನ ಸುಖ ಕಡಿಮೆಯಾಗಿಲ್ಲ. ಯಕ್ಷಗಾನ ಇಷ್ಟು ಬದಲಾವಣೆಗಳ ನಡುವೆಯೂ ಕಟ್ಟು ತಪ್ಪದೆ ಉಳಿದಿದ್ದರೆ, ತಪ್ಪಿದ್ದನ್ನು ಹೆಸರು ಹಿಡಿದು ಹೇಳಬಲ್ಲ ಪ್ರೇಕ್ಷಕರೂ ಅದಕ್ಕೆ ಕಾರಣ. ಬೈತಖೋಲದ ಬಂದರಿನಲ್ಲಿ ಬಲೆಬಲೆಗೂ ಹೆಸರಿದೆ, ಮೀನುಮೀನಿಗೂ ಹೆಸರಿದೆ. ಚಿತ್ರ ಮತ್ತು ಶಿಲ್ಪದ ಎದುರು ಮಾತ್ರ ಇದೇ ಜನ ಯಾಕೆ ಮೂಕರಾಗಬೇಕು? ಒಂದು ಅಪಾಯವನ್ನಂತೂ ಒಪ್ಪಬೇಕು. ಪದ ಮುಂದಾಗಿ ವಸ್ತು ಹಿಂದಾದರೆ, ತ್ರಿಭಂಗ ಎಂದರೆ ಮೂರು ಬಾಗು ಎಂದು ಬಾಯಿಪಾಠ ಒಪ್ಪಿಸುವ ಮಗುವಿಗೆ ಎದುರಿನ ಶಿಲ್ಪದ ಸೊಂಟ ಎತ್ತ ವಾಲಿದೆ ಎಂಬುದು ಕಾಣದೆ ಹೋಗಬಹುದು. ಹಾಗಾಗಿಯೇ ಇದಕ್ಕೆ ಪಠ್ಯಪುಸ್ತಕದ ಪಾಠ ಬೇಡ, ಪ್ರಶ್ನೆಪತ್ರಿಕೆ ಬೇಡವೇ ಬೇಡ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಶಿಲ್ಪಶಾಸ್ತ್ರದ ಸಂಸ್ಕೃತ ಪದಗಳನ್ನು ಹಾಲಕ್ಕಿ ಒಕ್ಕಲಿಗರ, ಮೀನುಗಾರರ ಮಕ್ಕಳ ಮೇಲೆ ಹೇರುವುದೇ, ಮನೆಯಲ್ಲಿ ಕೊಂಕಣಿ ಆಡುವ ಮಗುವಿಗೆ ಇನ್ನೊಂದು ಹೊರೆಯೇ ಎಂಬುದು. ಬರೀ ಆಗಮದ ಪಟ್ಟಿಯಾದರೆ ಈ ಮಾತು ಪೂರ್ತಿ ನಿಜ. ಆದರೆ ಈ ಸೀಮೆಯ ಕಲೆಯ ಪದಗಳಲ್ಲಿ ದೊಡ್ಡ ಪಾಲು ಈ ಮಕ್ಕಳ ಮನೆಯದೇ. ಗೋಡೆಗೆ, ತುಳಸಿಕಟ್ಟೆಗೆ ಹೆಂಗಸರು ಬರೆಯುವ ಬಿಳಿ ಮಣ್ಣು ಶೇಡಿ. ಸುಗ್ಗಿ ಕುಣಿಯುವವರ ತಲೆಯ ಮೇಲಿನದು ತುರಾಯಿ. ಕೆರೆಯ ನೀರಲ್ಲಿ ಬೆಳೆಯುವ ಗಿಡದ ಹಗುರ ಕಾಂಡ ಬೆಂಡು; ತುರಾಯಿಯ ಹೂವಿಗೂ ಮದುವೆಯ ಬಾಸಿಂಗಕ್ಕೂ ಅದೇ ಬೇಕು. ಬಂಗಾಳದಲ್ಲಿ ಅದಕ್ಕೆ ಶೋಲಾ ಎಂದು ಹೆಸರು, ಬ್ರಿಟಿಷ್ ಸಾಹೇಬರ ಸೋಲಾ ಟೋಪಿ ಅದರಿಂದಲೇ ಆದದ್ದು. ಈ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳುವ, ಶ್ರೀಗಂಧ ಕೊರೆಯುವ, ಚೌತಿಗೆ ಗಣಪತಿ ಮಾಡುವ ಗುಡಿಗಾರರು ಜಿಲ್ಲೆಯ ರೂವಾರಿಗಳು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಆವರಣದ ನಾಗಶಿಲ್ಪದ ಮೇಲೆ, ಕದಂಬರಿಗೂ ಹಿಂದಿನ ಕಾಲದ ಪ್ರಾಕೃತ ಬರಹದಲ್ಲಿ, ಅದನ್ನು ಮಾಡಿದ ನಟಕನ ಹೆಸರಿದೆ, ಅವನು ಆಚಾರ್ಯನೊಬ್ಬನ ಶಿಷ್ಯ ಎಂದೂ ಇದೆ. ಕೆಲಸಗಾರನ ಹೆಸರನ್ನೂ ಗುರುವಿನ ನೆನಪನ್ನೂ ಕಲ್ಲಿನಲ್ಲಿ ಬರೆದಿಟ್ಟ ಜಿಲ್ಲೆ ಇದು. ಸಂಸ್ಕೃತದ ಪದಗಳು ಬೇಕಾದ ಕಡೆ ಬರಲಿ, ಅವೂ ಕೆಲಸದ ಪದಗಳೇ. ತಾಲ ಎಂದರೆ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ. ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಅಂಗೈ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹನ್ನೆರಡು ಅಂಗುಲ ಒಂದು ತಾಲ. ಗಣಪತಿಗೆ ಸಾಮಾನ್ಯವಾಗಿ ಐದು ತಾಲ, ಹಾಗಾಗಿಯೇ ಅವನು ಮಗುವಿನ ಹಾಗೆ ಗುಜ್ಜಾಗಿ ಕಾಣುತ್ತಾನೆ. ಅಂಗೈಯನ್ನು ಮುಖಕ್ಕೆ ಹಿಡಿದು ನೋಡಿದ ಮಗುವಿಗೆ ಇದು ಹೊರೆಯಾಗದು. ಪ್ಲಾಸ್ಟರ್, ಫೈಬರ್, ಮೋಲ್ಡು ಮುಂತಾದ ಇಂಗ್ಲಿಷ್ ಪದಗಳು ಕೆಲಸದ ಶೆಡ್ಡಿನಲ್ಲಿ ಈಗಾಗಲೇ ಕನ್ನಡವಾಗಿವೆ, ಅವುಗಳಿಗೆ ಹೊಸ ಅನುವಾದ ಹುಡುಕುವ ಅಗತ್ಯವೇನಿಲ್ಲ.

ದೇವರನ್ನು ಕಲಾವಸ್ತುವಿನಂತೆ ಅಳೆಯುವುದು ಭಕ್ತಿಗೆ ಕುಂದು ಎಂಬ ಅಳುಕೂ ಇದೆ. ನಮ್ಮ ಸಂಪ್ರದಾಯಕ್ಕೆ ಈ ಗೆರೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತು. ಕಣ್ಣು ತೆರೆಸಿ ಪ್ರಾಣಪ್ರತಿಷ್ಠೆ ಮಾಡುವವರೆಗೆ ಅದು ಶಿಲ್ಪಿಯ ಕೈಯ ಕಲ್ಲು, ಆಮೇಲೆ ದೇವರು. ಗೋಕರ್ಣದ ಮಹಾಗಣಪತಿಯೂ ಇಡಗುಂಜಿಯ ಗಣಪನೂ ಎರಡೇ ಕೈಯ ನಿಂತ ಮೂರ್ತಿಗಳು. ದ್ವಿಭುಜ ಎಂಬ ಪದ ಗೊತ್ತಿರುವ ಭಕ್ತ, ನಾಲ್ಕು ಕೈಯ ಗಣಪತಿಯೇ ಎಲ್ಲೆಡೆ ತುಂಬಿರುವಾಗ ಈ ಕರಾವಳಿಯ ಮೂರ್ತಿಗಳು ಯಾಕೆ ಹಳೆಯ ರೂಪದವೆಂದು ಕೇಳುತ್ತಾನೆ. ಅವನ ಭಕ್ತಿಗೆ ಕಣ್ಣು ಬಂದಿದೆ ಎನ್ನಬೇಕೇ ಹೊರತು ಕುಂದು ಬಂದಿದೆ ಎನ್ನಲಾಗದು.

ಕಲಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಚಿತ್ರಕಲಾ ಶಿಕ್ಷಕರಿಲ್ಲದ ಪ್ರೌಢಶಾಲೆಗಳು ಎಷ್ಟೋ ಇವೆ, ಆ ಹುದ್ದೆಗಳನ್ನು ತುಂಬಲೇಬೇಕು. ಆದರೆ ಅದಕ್ಕಾಗಿ ಕಾಯುತ್ತ ಕೂರುವ ಅಗತ್ಯವಿಲ್ಲ. ಪಿಒಪಿ ಗಣಪತಿ ಬೇಡ, ಮಣ್ಣಿನದು ಬೇಕು ಎಂಬ ಅಭಿಯಾನ ನಡೆದಾಗ ಕೆಲವೇ ವರ್ಷಗಳಲ್ಲಿ ಮನೆಮನೆಯ ಮಕ್ಕಳೂ ಪಿಒಪಿ ಎಂದರೇನೆಂದು ಕಲಿತರು, ಮೂರ್ತಿಯ ಬೆನ್ನು ತಟ್ಟಿ ಸದ್ದಿನಿಂದ ಗುರುತಿಸುವುದನ್ನೂ ಕಲಿತರು. ಶಿಲ್ಪದ ಸಾಮಗ್ರಿಯ ಬಗ್ಗೆ ಒಂದು ಪಾರಿಭಾಷಿಕ ಪದ ಪರೀಕ್ಷೆಯಿಲ್ಲದೆ, ಪಠ್ಯವಿಲ್ಲದೆ ಇಡೀ ರಾಜ್ಯಕ್ಕೆ ಹರಡಿದ್ದು ಹಾಗೆ. ಪತ್ರಿಕೆಗಳ ಪಾಲೂ ಇದರಲ್ಲಿದೆ. ಮೂರ್ತಿ, ವಿಗ್ರಹ, ಪ್ರತಿಮೆ, ಪುತ್ಥಳಿ, ಶಿಲ್ಪ ಎಲ್ಲವನ್ನೂ ಒಂದರ ಬದಲು ಇನ್ನೊಂದಾಗಿ ಬಳಸುವುದನ್ನು ಬಿಟ್ಟು, ಪೂಜೆಗಿರುವುದು ವಿಗ್ರಹ, ಚೌಕದಲ್ಲಿ ನಿಲ್ಲಿಸಿದ್ದು ಪುತ್ಥಳಿ, ಗೋಡೆಯಿಂದ ಎದ್ದದ್ದು ಉಬ್ಬುಶಿಲ್ಪ ಎಂದು ಚಿತ್ರದ ಅಡಿಬರಹದಲ್ಲಿ ಸರಿಯಾಗಿ ಬರೆದರೆ ದಿನಕ್ಕೊಂದು ಪಾಠ ಆದ ಹಾಗೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಯನ್ನು ಹಳ್ಳಿಯ ಮಕ್ಕಳ ಬಾಗಿಲಿಗೆ ತಂದ ನೆಲ ಇದು. ಮಕ್ಕಳನ್ನು ಪಕ್ಕದ ಬೀದಿಯ ಗುಡಿಗಾರರ ಮನೆಗೆ ಕರೆದೊಯ್ಯುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಕಲಿಸಿದವರಿಗೆ ಶಾಲೆಯ ಅನುದಾನದಿಂದ ಗೌರವಧನ ಕೊಡಬೇಕು, ಪುಕ್ಕಟೆ ಕರೆಸಬಾರದು. ಚೌತಿಗೆ ತಿಂಗಳು ಮುಂಚೆ ಆ ಮನೆಗಳ ಜಗಲಿಯಲ್ಲಿ ಹದ ಮಾಡಿದ ಮಣ್ಣು, ಅರ್ಧ ಎದ್ದ ಹೊಟ್ಟೆ, ಇನ್ನೂ ಸೊಂಡಿಲು ಕೂಡಿಸದ ಮುಖ, ಒಣಗಲು ಇಟ್ಟ ಪೀಠ ಎಲ್ಲವೂ ಬಿಡಿಬಿಡಿಯಾಗಿ ನೋಡಲು ಸಿಗುತ್ತವೆ. ಕಣ್ಣು ಬರೆಯುವುದು ಕೊನೆಯ ಕೆಲಸ. ಮಕ್ಕಳು ಹೋಗಬೇಕಾದದ್ದು ಅದಕ್ಕೂ ಮೊದಲು, ಬಣ್ಣ ಬೀಳುವ ಮುಂಚೆ, ಮಣ್ಣಿನ ಮೇಲೆ ಬೆರಳಿನ ಗುರುತು ಇನ್ನೂ ಕಾಣುವಾಗ.